ಎಲುಬನ್ನು ಮಾತಾಡಿಸುತ್ತಿದ್ದ ಡಾಕ್ಟರು

ಕರ್ನಾಟಕ ಒಂದಾಗುತ್ತದೆಂಬ ಮಾತು ಹಿರೇವಡ್ಡಟ್ಟಿಗೂ ಬಂದಿದ್ದ ಕಾಲ. ಹೊಲದಲ್ಲಿದ್ದ ಪುರಾತನ ಕಲ್ಲುಗೋರಿಗಳನ್ನು ಅಗೆಸಲು ಬಂದ ಡಾಕ್ಟರು ನಮ್ಮ ಪಡಸಾಲೆಯಲ್ಲೇ ಇಳಿದುಕೊಂಡಿದ್ದರು. ಎಲುಬು ಮುಟ್ಟುವ ಮೊದಲು ಕೈ ತೊಳೆದು, ಎದುರಿಗೆ ರೋಗಿಯೇ ಕೂತಂತೆ ಕೇಳುತ್ತಿದ್ದರು: “ಏನ್ ತ್ರಾಸಿತ್ತು ನಿನಗ?” ಕೂಡಿಕೊಂಡ ಮುರಿತ, ಸವೆದ ಮೊಣಕಾಲು ಎಲ್ಲವೂ ಅವರಿಗೆ ಉತ್ತರ ಹೇಳುತ್ತಿದ್ದವು. ನಾನು ಪಕ್ಕದಲ್ಲೇ ಕೂತು ನೋಡುತ್ತಿದ್ದೆ.

ಅಂದು ಅವರ ಮುಂದೆ ಒಬ್ಬ ಹೆಂಗಸಿನ ಬೆನ್ನೆಲುಬಿತ್ತು. ಮಣಿಗಳೆಲ್ಲ ಬೆಸೆದು ಒಂದೇ ಕೋಲಿನಂತಾಗಿದ್ದವು. ಚಹಾ ತಂದ ಅವ್ವ ಬಗ್ಗಿ ಲೋಟ ಕೆಳಗಿಡಲಾರದೆ ನಿಂತಳು.

“ನಮ್ಮ ಸೊಸಿಗೆ ಸೊಕ್ಕರಿ. ಹಬ್ಬದಾಗೂ ನನ್ನ ಕಾಲಿಗೆ ಬಗ್ಗಂಗಿಲ್ಲ,” ಎಂದಳು ಅಜ್ಜಿ. ಊರೂ ಹಾಗೇ ಅನ್ನುತ್ತಿತ್ತು.

ಡಾಕ್ಟರು ಎದ್ದು ಚಹಾ ಇಸಿದುಕೊಂಡರು. ಬೆನ್ನೆಲುಬನ್ನು ಅಜ್ಜಿಯ ಕೈಗಿಟ್ಟರು.

“ಹಗೂರ ಹಿಡೀರಿ, ಆಯಿ. ಈಕಿಗೂ ಯಾರ ಕಾಲಿಗೂ ಬಗ್ಗಾಕ ಆಗ್ತಿದ್ದಿಲ್ಲ. ಈ ನೆಲದ ನೀರಾಗಿನ ವಿಷ ಈಕಿದೂ ನಿಮ್ಮ ಸೊಸಿದೂ ಬೆನ್ನು ಹಿಡದೈತಿ. ಬ್ಯಾನಿ ಇದು, ಸೊಕ್ಕಲ್ಲ.”

ಅಜ್ಜಿ ಆ ಎಲುಬನ್ನು ಎಷ್ಟೋ ಹೊತ್ತು ಸವರುತ್ತ ಕೂತಳು.

ಮುಂದಿನ ಉಗಾದಿಗೆ ಅವ್ವನನ್ನು ಕರೆದು, ತಾನೇ ಕಟ್ಟೆ ಹತ್ತಿ ನಿಂತಳು, ಸೊಸೆ ಬಗ್ಗದೆಯೇ ತನ್ನ ಪಾದ ಮುಟ್ಟಲೆಂದು.