ಒಂದೇ ಮುಚ್ಚಳ ಸಾಕು ಅನ್ನುವ ಪಾಚಕ್ಕ

ಬೆಳಗಿನ ಐದೂವರೆ. ಎದುರಿಗಿರುವವರ ಮುಖ ಇನ್ನೂ ಸರಿಯಾಗಿ ಕಾಣದ ಹೊತ್ತು. ತಗಡಿನ ಶೆಡ್ಡಿನೊಳಗೆ ಪಾಚಕ್ಕ ನೀಲಿ ಡ್ರಮ್ಮಿನ ಬಾಯಿಗೆ ಕಟ್ಟಿದ ಬಟ್ಟೆ ಬಿಚ್ಚಿ ಮೂಗನ್ನು ಒಳಗೇ ತೂರಿಸುತ್ತಾರೆ. ಹುಳಿ ವಾಸನೆ ಬಂದರೆ ಸರಿ, ಕೊಳೆತ ವಾಸನೆ ಬಂದರೆ ಇಡೀ ಡ್ರಮ್ಮು ಚರಂಡಿಗೆ. ಇವತ್ತು ಸರಿಯಿದೆ. ಹದಿನಾರು ಲೀಟರಿನ ಪಂಪಿಗೆ ನೀರು ತುಂಬಿ, ಕ್ಯಾನಿನ ಮುಚ್ಚಳದಲ್ಲಿ ಒಂದು ಅಳತೆ ಕಂದು ನೀರು ಸುರಿದು ಕೋಲಿನಿಂದ ಕಲಕುತ್ತಾರೆ. ಬಾಗಿಲಲ್ಲಿ ನಿಂತ ಮೇಸ್ತ್ರಿ ಬಾಯಿ ತೆರೆಯುವ ಮೊದಲೇ ಕೈ ಎತ್ತುತ್ತಾರೆ.

"ಇನ್ನೊಂದು ಮುಚ್ಚಳ ಹಾಕಿ ಅಂತ ಮಾತ್ರ ಹೇಳಬೇಡ. ನಾನಿನ್ನೂ ಕಾಫಿ ಕೂಡ ಕುಡಿದಿಲ್ಲ."

ಮೇಸ್ತ್ರಿ ಬೇರೆ ಯಾರೂ ಅಲ್ಲ, ಅವರ ಸ್ವಂತ ಮೈದುನ. ಆರು ವರ್ಷದ ಹಿಂದೆ ಆತನನ್ನು ಈ ತೋಟಕ್ಕೆ ಕರೆತಂದು ಕೆಲಸಕ್ಕೆ ಸೇರಿಸಿದ್ದೂ ಪಾಚಕ್ಕನೇ. ಹಾಗಾಗಿ ಬೈಯುವುದಾದರೆ ಮೊದಲು ತನ್ನನ್ನೇ ಬೈದುಕೊಳ್ಳಬೇಕು ಎನ್ನುತ್ತ ಪಂಪನ್ನು ಬೆನ್ನಿಗೇರಿಸುತ್ತಾರೆ.

ತೋಟದಲ್ಲಿರುವುದು ಲ್ಯಾವೆಂಡರ್. ಮೊಣಕಾಲೆತ್ತರದ ಬೂದುಹಸಿರು ಪೊದೆಗಳು, ತುದಿಯಲ್ಲಿ ನೇರಳೆ ತೆನೆ. ಹೂವಿನ ತೆನೆಯನ್ನು ಆವಿಯಲ್ಲಿ ಬೇಯಿಸಿ ಎಣ್ಣೆ ಇಳಿಸುತ್ತಾರೆ. ಸೋಪಿಗೆ, ಅತ್ತರಿಗೆ, ನಿದ್ದೆ ಬಾರದವರ ದಿಂಬಿಗೆ ಹೋಗುವ ಎಣ್ಣೆ ಅದು. ರಾಸಾಯನಿಕದ ಸೋಂಕಿಲ್ಲದೆ ಗಿಡಕ್ಕೆ ಹುರುಪು ಕೊಡುವ ನೀರನ್ನು ತಯಾರಿಸುವುದು, ಸಿಂಪಡಿಸುವುದು ಪಾಚಕ್ಕನ ಕೆಲಸ. ಒಣಗಿದ ಕಡಲಪಾಚಿ, ಕಾಕಂಬಿ, ಎರೆಹುಳುವಿನ ತೊಟ್ಟಿಯಿಂದ ಇಳಿಯುವ ನೀರು, ಈ ಮೂರನ್ನೂ ಇಪ್ಪತ್ತೊಂದು ದಿನ ಹುಳಿ ಬರಿಸಿ, ಹಳೆಯ ಪಂಚೆಯಲ್ಲಿ ಎರಡು ಸಲ ಸೋಸಬೇಕು. ಹೆಸರು ಬಂದದ್ದು ಆ ಪಾಚಿಯಿಂದಲೇ. ಅವರ ನಿಜವಾದ ಹೆಸರು ತೋಟದ ಹಾಜರಿ ಪುಸ್ತಕ ಬಿಟ್ಟರೆ ಇನ್ನಾರಿಗೂ ನೆನಪಿಲ್ಲ.

ಇದು ಗೊಬ್ಬರವಾ, ಔಷಧಿಯಾ ಎಂದು ತೋಟ ನೋಡಲು ಬಂದವರೆಲ್ಲ ಕೇಳುತ್ತಾರೆ. ಎರಡೂ ಅಲ್ಲ ಅಂದರೆ, ಮತ್ತೆ ಸುಮ್ಮನೆ ಯಾಕೆ ಹೊಡೀತೀರಿ ಎನ್ನುತ್ತಾರೆ. ಹನ್ನೊಂದು ವರ್ಷದಿಂದ ಪಾಚಕ್ಕನದು ಒಂದೇ ಉತ್ತರ.

"ಕೂಸಿಗೆ ಹಾಲು ಕುಡಿಸಿದ ಮೇಲೆ ಬೆನ್ನು ತಟ್ಟಲ್ವಾ? ಇದು ಆ ತಟ್ಟೋದು. ಹಾಲು ಬೇರೆ, ತಟ್ಟೋದು ಬೇರೆ. ಮೆತ್ತಗೆ ತಟ್ಟಿದ್ರೆ ತೇಗುತ್ತೆ. ಗುದ್ದಿದ್ರೆ ಕಕ್ಕುತ್ತೆ."

ಕೇಳಿದವರು ಚೆನ್ನಾಗಿ ತಲೆಯಾಡಿಸುತ್ತಾರೆ. ಹೋಗುವಾಗ ಗೇಟಿನ ಹತ್ತಿರ ಮೇಸ್ತ್ರಿಯನ್ನು ನಿಲ್ಲಿಸಿ, ಅದು ಯಾವ ಕಂಪನಿಯ ಔಷಧಿ ಎಂದು ವಿಚಾರಿಸಿಕೊಂಡು ಹೋಗುತ್ತಾರೆ.

ಬಿಸಿಲೇರುವ ಮುಂಚೆ, ಎಲೆ ತಂಪಾಗಿರುವಾಗಲೇ ಸಿಂಪಡಣೆ ಮುಗಿಯಬೇಕು. ಎಂಟೂವರೆಯೊಳಗೆ ಹದಿನಾಲ್ಕು ಪಂಪು. ಒಂದೊಂದು ಪಂಪಿಗೂ ಶೆಡ್ಡಿನಿಂದ ಸಾಲಿಗೆ, ಸಾಲಿನಿಂದ ಶೆಡ್ಡಿಗೆ ನಡಿಗೆ. ಎಡಭುಜದ ಮೇಲೆ ಪಟ್ಟಿ ಕೂರುವ ಕಡೆ ಚರ್ಮ ದಪ್ಪಗಟ್ಟಿದೆ. ಅದರ ಕೆಳಗಿನ ನೋವಿಗೆ ಪಾಚಕ್ಕ ಮಾಡುವ ಉಪಚಾರವೆಂದರೆ ಪಟ್ಟಿಯನ್ನು ಬಲಭುಜಕ್ಕೆ ಬದಲಾಯಿಸುವುದು. ಮೊಗ್ಗಿಗೆ ಬಣ್ಣ ಕಟ್ಟಿದ ದಿನದಿಂದ ಆ ಸಾಲಿಗೆ ಒಂದು ಹನಿಯೂ ಹೋಗಕೂಡದು. ಈಗ ದೊಡ್ಡ ಗಿಡಗಳೆಲ್ಲ ಕೊಯ್ಲಿಗೆ ಬಂದಿರುವುದರಿಂದ ಹೊಸದಾಗಿ ನೆಟ್ಟ ಸಸಿಗಳ ಸರದಿ.

ಇದನ್ನು ಅವರಿಗೆ ಯಾರೂ ಕೂರಿಸಿಕೊಂಡು ಕಲಿಸಿದ್ದಲ್ಲ. ಮೊದಲು ಎಣ್ಣೆ ತುಂಬುವ ಕೋಣೆಯಲ್ಲಿ ಬಾಟಲಿ ತೊಳೆಯುತ್ತಿದ್ದರು. ಪಾಚಿಯ ಮೂಟೆ ಬಂದಾಗ ನಾರುತ್ತದೆಂದು ಎಲ್ಲರೂ ಜಾರಿಕೊಂಡರು, ಅದು ಇವರ ತಲೆಗೆ ಬಂತು. ಮೊದಲ ಮೂರು ಡ್ರಮ್ಮಿಗೆ ಹುಳ ಬಿತ್ತು. ಒಮ್ಮೆ ಮಟಮಟ ಮಧ್ಯಾಹ್ನ ಸಿಂಪಡಿಸಿ ಒಂದು ಸಾಲು ಪೂರ್ತಿ ಸುಟ್ಟು ಕಪ್ಪಾಯಿತು. ಅದನ್ನು ಅವರು ಮುಚ್ಚಿಡುವುದಿಲ್ಲ. ಆ ಸಾಲು ಎಲ್ಲಿತ್ತು ಎಂದು ಇವತ್ತಿಗೂ ಕೈ ಮಾಡಿ ತೋರಿಸುತ್ತಾರೆ.

ಸುವಾಸನೆಯ ತೋಟದಲ್ಲಿ ದುಡಿಯುವ ಈ ಹೆಂಗಸಿನ ಪಕ್ಕ ಸಂಜೆಯ ಬಸ್ಸಿನಲ್ಲಿ ಯಾರೂ ಕೂರುವುದಿಲ್ಲ. ಕೆಲಸದ ಸೀರೆಗೆ ಮನೆಯ ಹಿತ್ತಿಲಲ್ಲಿ ಬೇರೆಯೇ ಹಗ್ಗ, ಬೇರೆಯೇ ಬಕೆಟ್ಟು. ಬಸ್ಸಿನಲ್ಲಿ ಕಾಲು ಚಾಚಿಕೊಂಡು ಬರುವ ಭಾಗ್ಯ ನಿನಗೊಬ್ಬಳಿಗೇ ಎಂದು ಗಂಡ ಚೇಷ್ಟೆ ಮಾಡುತ್ತಾರೆ. ಅದಕ್ಕೆ ಪಾಚಕ್ಕ ನಗುವುದಿಲ್ಲ. ಸಾವಿರ ಸಲ ಕೇಳಿದ್ದಾರೆ.

ತಾಳ್ಮೆಯ ಕಟ್ಟೆ ಒಡೆದದ್ದು ಮಾತ್ರ ಈ ವರ್ಷ. ಮಗಳ ಹೆರಿಗೆಗೆಂದು ಒಂಬತ್ತು ದಿನ ರಜೆ ಹಾಕಿದರು. ಹೊರಡುವ ಮುನ್ನ ಮೈದುನನನ್ನು ಡ್ರಮ್ಮಿನ ಮುಂದೆ ನಿಲ್ಲಿಸಿ, ಪಂಪಿಗೆ ಒಂದು ಮುಚ್ಚಳ, ಒಂಬತ್ತು ದಿನಕ್ಕೆ ಒಂದೇ ಸಲ ಎಂದು ಮೂರು ಬಾರಿ ಆತನ ಬಾಯಲ್ಲೇ ಹೇಳಿಸಿದರು. ಆತ ಗಿಳಿಯ ಹಾಗೆ ಒಪ್ಪಿಸಿದ. ವಾಪಸು ಬಂದು ನೋಡಿದರೆ ಪೂರ್ವದ ಕಡೆಯ ಹತ್ತು ಸಾಲು ಸೊಂಟದೆತ್ತರ ಬೆಳೆಯುವ ಅವಸರದಲ್ಲಿವೆ. ಎಲೆ ಕಡುಹಸಿರು, ಕಾಂಡ ಮೆತ್ತಗೆ, ಗಾಳಿ ಬಂದ ಕಡೆಗೆ ವಾಲುತ್ತವೆ. ಎರಡೆರಡು ಮುಚ್ಚಳ, ಅದೂ ಮೂರು ಸಲ ಹೊಡೆದಿದ್ದ.

"ಪಾಪ, ಗಿಡ ಚಿಕ್ಕದಾಗಿತ್ತು ಅತ್ತಿಗೆ" ಎಂದ ಮೈದುನ.

"ಲ್ಯಾವೆಂಡರ್ ಚಿಕ್ಕದಾಗೇ ಇರಬೇಕು ಪುಣ್ಯಾತ್ಮ. ಇದೇನು ಸೊಪ್ಪು ಮಾರೋ ಅಂಗಡಿನಾ?"

ಅಷ್ಟಕ್ಕೇ ಮುಗಿದಿದ್ದರೆ ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದರು. ಮೇಸ್ತ್ರಿ ಆ ಸಾಲುಗಳನ್ನು ತೋಟದ ಯಜಮಾನಿಗೂ ತೋರಿಸಿಬಿಟ್ಟಿದ್ದ. ಯಜಮಾನಿ ಹಿರಿಹಿರಿ ಹಿಗ್ಗಿ, ಹಸಿರಿನ ನಡುವೆ ನಿಂತು ಫೋಟೋ ತೆಗೆಸಿಕೊಂಡರು. ಇನ್ನು ಮುಂದೆ ಮೇಸ್ತ್ರಿಯ ಅಳತೆಯೇ ಇರಲಿ, ಡ್ರಮ್ಮುಗಳನ್ನು ಆತನೇ ನೋಡಿಕೊಳ್ಳಲಿ, ಪಾಚಕ್ಕ ಕಳೆ ತೆಗೆಯುವ ಗುಂಪಿಗೆ ಹೋಗಲಿ ಎಂದರು. ಎತ್ತರಕ್ಕೂ ಎಣ್ಣೆಗೂ ಸಂಬಂಧವಿಲ್ಲ ಎಂದು ಪಾಚಕ್ಕ ಹೇಳಿದ್ದು ಗೋಡೆಗೆ ಹೇಳಿದ ಹಾಗಾಯಿತು. ಕೊನೆಗೆ ಅವರು ಕೇಳಿಕೊಂಡದ್ದು ಒಂದೇ. ಮೇಸ್ತ್ರಿಯ ಹತ್ತು ಸಾಲು, ತನ್ನ ಹತ್ತು ಸಾಲು, ಎರಡನ್ನೂ ಬೇರೆಬೇರೆ ಭಟ್ಟಿಗೆ ಹಾಕಿ. ಎಣ್ಣೆ ಯಾವುದರಲ್ಲಿ ಹೆಚ್ಚೋ ಡ್ರಮ್ಮು ಅವರದ್ದು. ಅಲ್ಲಿಯವರೆಗೆ ಡ್ರಮ್ಮು ಪಾಚಕ್ಕನ ಹತ್ತಿರವೇ ಇರಲಿ ಎಂದು ಯಜಮಾನಿ ಒಪ್ಪಿದರು.

ಇವತ್ತು ಆ ದಿನ. ಸಸಿಗಳ ಕೆಲಸ ಮುಗಿಸಿ ಪಾಚಕ್ಕ ಭಟ್ಟಿಮನೆಗೆ ಬರುವಾಗ ಒಂಬತ್ತು ಗಂಟೆ. ಮೇಸ್ತ್ರಿಯ ಹತ್ತು ಸಾಲಿನ ಕೊಯ್ಲು ಅಂಗಳದ ತುಂಬ ಬಿದ್ದಿದೆ. ಒಂದು ಹಂಡೆಗೆ ಹಿಡಿಸದೆ ಎರಡು ಸಲ ಬೇಯಿಸಬೇಕು. ನೋಡಿ, ನೋಡಿ ಎಂದು ಆತ ಎಲ್ಲರನ್ನೂ ಕರೆದು ರಾಶಿ ತೋರಿಸುತ್ತಿದ್ದಾನೆ. ಪಾಚಕ್ಕನ ಸಾಲುಗಳದ್ದು ಒಂದೇ ಹಂಡೆ, ಅದೂ ಬಾಯಿಮಟ್ಟ ಬಂದಿಲ್ಲ. ಯಜಮಾನಿ ಅದನ್ನೂ ಇದನ್ನೂ ನೋಡಿ ಕುರ್ಚಿ ಎಳೆದುಕೊಳ್ಳುತ್ತಾರೆ. ಬಾಗಿಲ ಬಳಿಯ ಕಲ್ಲು ಖಾಲಿಯಿದ್ದರೂ ಪಾಚಕ್ಕ ಕೂರುವುದಿಲ್ಲ. ಸೋತರೆ ಕಳೆ ತೆಗೆಯಲು ಮೊಣಕಾಲೂರಬೇಕು, ತನ್ನ ಮೊಣಕಾಲು ಊರಿದರೆ ಏಳುವುದಿಲ್ಲ ಎಂಬುದು ಅವರಿಗೊಬ್ಬರಿಗೇ ಗೊತ್ತು.

ಭಟ್ಟಿ ನೋಡಿಕೊಳ್ಳುವ ಮುದುಕ ಮಾತಿನವನಲ್ಲ. ಮೊದಲು ಮೇಸ್ತ್ರಿಯ ಎರಡು ಹಂಡೆ ಬೇಯಿಸುತ್ತಾನೆ. ತಣ್ಣೀರ ಕೊಳವೆಯಿಂದ ಹನಿಯುವ ನೀರಿನ ಮೇಲೆ ಎಣ್ಣೆ ತೆಳ್ಳಗೆ ತೇಲುತ್ತದೆ. ಎರಡೂ ಹಂಡೆಯದು ಸೇರಿ ಗಾಜಿನ ಅಳತೆಯಲ್ಲಿ ಒಂದು ಲೀಟರು, ಮೇಲೆ ನೂರು ಎಂ.ಎಲ್. ಹಂಡೆ ತೊಳೆದು ಪಾಚಕ್ಕನ ಸರದಿ ಬರುವಷ್ಟರಲ್ಲಿ ಮಧ್ಯಾಹ್ನ ಎರಡಾಗಿದೆ. ಯಾರೂ ಊಟಕ್ಕೆ ಎದ್ದಿಲ್ಲ. ಒಂದೂವರೆ ಗಂಟೆ ಕಳೆದ ಮೇಲೆ ಮುದುಕ ಗಾಜನ್ನು ಬೆಳಕಿಗೆ ಹಿಡಿಯುತ್ತಾನೆ. ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಹಿಡಿಯುತ್ತಾನೆ.

"ಒಂದು ಲೀಟರು ಮುನ್ನೂರು. ಅರ್ಧ ಸೌದೆಯಲ್ಲಿ."

ಯಜಮಾನಿ ಎದ್ದು ಬಂದು ಗಾಜನ್ನು ತಾವೇ ನೋಡುತ್ತಾರೆ. ಮೇಸ್ತ್ರಿ ಅಂಗಳದಲ್ಲಿ ಬೆಂದು ಬಿದ್ದ ತನ್ನ ಸೊಪ್ಪಿನ ಗುಡ್ಡೆಯನ್ನೇ ದಿಟ್ಟಿಸುತ್ತ ನಿಂತಿದ್ದಾನೆ. ಈಗಲಾದರೂ ಬುದ್ಧಿ ಬಂತಲ್ಲ ಎಂದು ಪಾಚಕ್ಕ ಉಸಿರು ಬಿಡುವಷ್ಟರಲ್ಲಿ ಆತನ ಮುಖ ಅರಳುತ್ತದೆ.

"ಅತ್ತಿಗೆ, ಹಂಗಾದ್ರೆ ಮುಂದಿನ ಸಲ ಅರ್ಧ ಮುಚ್ಚಳ ಹಾಕೋಣ್ವಾ? ಇನ್ನೂ ಜಾಸ್ತಿ ಎಣ್ಣೆ ಬರುತ್ತೆ."

ಪಾಚಕ್ಕ ತಲೆ ಮೇಲೆ ಕೈ ಹೊತ್ತು, ಇಷ್ಟು ಹೊತ್ತು ಮುಟ್ಟದಿದ್ದ ಕಲ್ಲಿನ ಮೇಲೆ ಕೊನೆಗೂ ಕೂರುತ್ತಾರೆ. ಮುದುಕನ ಭುಜ ಅಲುಗುತ್ತಿದೆ, ನಗುವೋ ಕೆಮ್ಮೋ ತಿಳಿಯದು. ಡ್ರಮ್ಮು ನಿಮ್ಮವೇ, ಇನ್ನು ಆ ಮಾತು ಎತ್ತುವುದಿಲ್ಲ ಎಂದು ಯಜಮಾನಿ ಎಲ್ಲರೆದುರು ಹೇಳುತ್ತಾರೆ. ಹತ್ತು ಸಾಲು ಕೆಡಿಸಿಕೊಂಡ ಮೇಲೆ ತಿಳಿಯಿತು ಎಂದು ಒಪ್ಪಿಕೊಂಡು, ನಿಮಗೇನಾದರೂ ಬೇಕೇ ಎಂದು ಕೇಳುತ್ತಾರೆ. ಭುಜಕ್ಕೆ ಮೆತ್ತನೆಯ ಪಟ್ಟಿ ಇರುವ ಹೊಸ ಪಂಪು ಕೇಳಬಹುದು, ಸಹಾಯಕ್ಕೆ ಒಬ್ಬರನ್ನು ಕೇಳಬಹುದು. ಪಾಚಕ್ಕ ಮೈದುನನ ಕಡೆ ಒಮ್ಮೆ ನೋಡುತ್ತಾರೆ. ಆತ ಆಗಲೇ ಬೆರಳು ಮಡಚಿ ಅರ್ಧದ ಲೆಕ್ಕ ಹಾಕುತ್ತಿದ್ದಾನೆ.

"ಶೆಡ್ಡಿಗೆ ಒಂದು ಬೀಗ ಕೊಡಿಸಿ ಅಮ್ಮಾ" ಎನ್ನುತ್ತಾರೆ. "ಬೀಗದ ಜೊತೆ ಎರಡು ಕೀ ಬರುತ್ತಲ್ಲ, ಎರಡೂ ನನ್ನ ಹತ್ರಾನೇ ಇರ್ಲಿ."