ರಾಗಿ ತುಳಿದ ಚೈನು ಗಾಡಿ

ನನಗಾಗ ಒಂಬತ್ತು ವರ್ಷ. ಅದಾಗಿ ಐವತ್ತು ವರ್ಷ ಆಯ್ತು. ಈಗ ಬಸವೇಶ್ವರನಗರ ಅಂತೀರಲ್ಲ, ಆಗ ಅಲ್ಲಿ ನಮ್ಮ ಹೊಲ, ಹೊಲದ ಪಕ್ಕ ಕಣ. ಸುಗ್ಗಿ ಬಂತಂದ್ರೆ ಸಗಣಿ ಬಳಿದ ನೆಲದ ವಾಸನೆ, ಒಣ ಹುಲ್ಲಿನ ವಾಸನೆ. ನಾವು ಮಕ್ಕಳು ಮೆದೆ ಮೇಲಿಂದ ಜಾರಿ ಮೈಯೆಲ್ಲ ತುರಿಸಿಕೊಂಡು ಬೈಸಿಕೊಳ್ತಿದ್ವಿ.

ಆ ವರ್ಷ ರಾಜಾಜಿನಗರದ ಕಡೆ ಕಾರ್ಖಾನೆಗೆ ನೆಲ ಸಮ ಮಾಡೋಕೆ ಒಂದು ಮಿಷನ್ನು ಬಂತು. ಚಕ್ರದ ಬದಲು ಎರಡು ಕಡೆ ಕಬ್ಬಿಣದ ಚೈನು, ಮುಂದೆ ಮಣ್ಣು ಬಾಚೋ ಬಕೆಟ್ಟು. ಬಕೆಟ್ಟನ್ನು ಎತ್ತೋದು ಉಕ್ಕಿನ ಹಗ್ಗ, ನಮ್ಮ ಬಾವಿ ಕಪಿಲೆ ಥರ. ಹಗ್ಗ ಬಿಟ್ಟರೆ ದಡಾರ್ ಅಂತ ಬೀಳೋದು. ನಿಧಾನಕ್ಕೆ ಇಳಿಸೋದು ಅದಕ್ಕೆ ಗೊತ್ತೇ ಇಲ್ಲ. ಡ್ರೈವರು ಮುನಿಸ್ವಾಮಿ ಕೂರೋದು ಹಿಂದೆ, ಅವನ ಎದುರಿಗೆ ಎತ್ತರದ ಇಂಜಿನ್ನು. ಮುಂದೆ ಏನಿದೆ ಅಂತ ಅವನಿಗೇ ಕಾಣ್ತಿರಲಿಲ್ಲ.

ಅದೇ ಸುಗ್ಗೀಲಿ ನಮ್ಮ ಒಂದು ಎತ್ತು ಕಾಲುಬಾಯಿ ಜ್ವರ ಬಂದು ಮಲಗಿತು. ರಾಗಿ ಮೇಲೆ ಕಾಳು ಉದುರಿಸೋ ಕಲ್ಲುಗುಂಡು ಎಳೆಯೋಕೆ ಜೋಡಿ ಇಲ್ಲ. ಮೇಲೆ ಮೋಡ. ಕಣದಲ್ಲಿದ್ದದ್ದು ವರ್ಷದ ಊಟ. ರಸ್ತೇಲಿ ರಾಗಿ ಹರಡಿ ಲಾರಿ ಹತ್ತಿಸೋರನ್ನ ಅಪ್ಪ ನೋಡಿದ್ದ.

"ಲಾರಿಗಿಂತ ಇದು ಭಾರ ಅಲ್ವೇನೇ? ಎರಡು ಸುತ್ತು ಹೊಡೆದ್ರೆ ಸಾಕು" ಅಂದ.

"ಗುಂಡು ನುಣ್ಣಗಿರುತ್ತೆ. ಅದರ ಕಾಲಲ್ಲಿ ಹಲ್ಲಿದೆ, ಕಣ್ಣು ಕಾಣಲ್ವಾ?" ಅಂದ್ಲು ಅವ್ವ.

"ಮಿಷನ್ನಿನ ವಿಚಾರ ನಿಂಗೇನು ಗೊತ್ತು, ಸುಮ್ನಿರು."

ಮುನಿಸ್ವಾಮಿ "ಬೇಡ ಗೌಡ್ರೆ" ಅಂತಾನೇ ಇದ್ದ. ಕೋಳಿಸಾರು ಮಾಡಿಸ್ತೀನಿ ಅಂದ ಮೇಲೆ ಒಪ್ಪಿದ. ಸಂಜೆ ಗಾಡಿ ಕಣಕ್ಕೆ ಬಂತು. ದಾರಿ ತೋರಿಸೋಕೆ ಅಪ್ಪನೇ ಮುಂದೆ ನಿಂತ. ಟವಲ್ಲು ನೆಟ್ಟಗೆ ಹಿಡಿದ್ರೆ ಬಾ ಅಂತ, ಬೀಸಿದ್ರೆ ತಿರುಗಿಸು ಅಂತ.

ಮೊದಲ ಸಲ ಗಾಡಿ ಹಾದುಹೋದಾಗ ಕಾಳು ಉದುರಿತು. ಅಪ್ಪ "ನೋಡೇ, ನೋಡು!" ಅಂತ ಅವ್ವನ ಕಡೆ ಟವಲ್ಲು ಬೀಸಿ ಕುಣಿದ. ಮುನಿಸ್ವಾಮಿಗೆ ಅಪ್ಪ ಎಲ್ಲಿ ಕಂಡ? ಟವಲ್ಲಿನ ತುದಿ ಕಂಡಿತು. ನಿಂತಲ್ಲೇ ತಿರುಗಿಸಿದ. ಚೈನು ಗಾಡಿ ನಿಂತಲ್ಲೇ ತಿರುಗಿದ್ರೆ ನೇಗಿಲು ಹೊಡೆದ ಹಾಗೇ. ಎಲ್ಲರೂ ಕಿರುಚಿದ್ವಿ. ಅವನು ಗಾಬರೀಲಿ ಹಗ್ಗ ಬಿಟ್ಟ. ಬಕೆಟ್ಟು ಬಿದ್ದು ಕಣದ ನಡುವೆ ಗುಂಡಿ. ರಾಗಿ ಪೂರ್ತಿ ಮಣ್ಣಿನೊಳಗೆ.

ಅವ್ವ ಒಂದೇ ಮಾತು ಅಂದ್ಲು: "ಕೋಳಿ ಉಳೀತು."

ಮೋಡ ಕೂಡ ಸುಳ್ಳು. ಮಳೆ ಬರಲೇ ಇಲ್ಲ.

ಆ ವರ್ಷವೆಲ್ಲ ಮುದ್ದೇಲಿ ಮರಳು. ಮುದ್ದೆ ಹೇಗಿದ್ರೂ ನುಂಗೋದು, ಅಗಿಯೋದಲ್ಲ. ಬದುಕಿಕೊಂಡ್ವಿ.

ಆಮೇಲೆ ಬಂದ ಚೈನು ಗಾಡಿಗಳಿಗೆ ಹಗ್ಗ ಇರಲಿಲ್ಲ. ಎಣ್ಣೆ ಪೈಪಿನ ತೋಳು, ಬಕೆಟ್ಟನ್ನ ಮಗು ಮಲಗಿಸಿದ ಹಾಗೆ ಇಳಿಸೋವು. ಮೊನ್ನೆ ಕೆಂಗೇರಿ ಉಪನಗರದಲ್ಲಿ ಮಗಳ ಮನೆ ಹತ್ತಿರ ಒಂದು ಬಂದಿತ್ತು. ಇಂಜಿನ್ನು ಹಿಂದಕ್ಕೆ ಹೋಗಿದೆ, ಡ್ರೈವರು ಮುಂದೆ ಗಾಜಿನ ಗೂಡಲ್ಲಿ ಕೂತಿದ್ದ.

"ಮುಂದೆ ಕಾಣುತ್ತೇನಪ್ಪ?" ಅಂದೆ.

"ನಿಮ್ಮ ಚಪ್ಪಲಿ ಕಿತ್ತಿರೋದೂ ಕಾಣುತ್ತೆ ಅಜ್ಜಿ, ಆ ಕಡೆ ನಿಂತ್ಕೊಳ್ಳಿ."

ಮಿಷನ್ನು ಮಾಡೋರು ಬುದ್ಧಿವಂತರು, ತಪ್ಪು ತಿದ್ದಿಕೊಂಡಿದ್ದಾರೆ. ಆದ್ರೆ ಅದು ಕಲಿಯೋ ಹೊತ್ತಿಗೆ ತುಳಿಸೋಕೆ ನಮ್ಮ ಹತ್ರ ರಾಗಿ ಇಲ್ಲ. ಕಣದ ಮೇಲೆ ಮೂರಂತಸ್ತಿನ ಮನೆ. ಸಗಣಿ ಬಳಿದು ನೆಲ ಗಟ್ಟಿ ಮಾಡೋದು ನನ್ನ ಮಗಳಿಗೆ ಬರಲ್ಲ. ನಾನೂ ಕಲಿಸಲಿಲ್ಲ. ಕಲಿತು ಎಲ್ಲಿ ಬಳೀತಾಳೆ?

ಗಾಡಿ ರಾಗಿ ತುಳಿದ ಮಾರನೆ ಬೆಳಗ್ಗೆ ಅಪ್ಪ ಮುಸುಕು ತೆಗೀಲಿಲ್ಲ. ಅವ್ವ ಗುದ್ದಲಿ ತಗೊಂಡು ಕಣದ ಮಣ್ಣು ಕೆರೆದು ಬುಟ್ಟಿಗೆ ತುಂಬಿದ್ಲು. ನಾನು ಅದನ್ನ ಕೆರೆಗೆ ಹೊತ್ತು, ತಪ್ಪಲೇಲಿ ನೀರು ಹಾಕಿ ಗಾಲಿಸಿದೆ. ಮಣ್ಣು ಕರಗಿ ಹೋಗಿ ಮೊದಲ ತಪ್ಪಲೇಲಿ ಒಂದು ಹಿಡಿ ರಾಗಿ ಉಳೀತು. ಅದನ್ನ ತಂದು ಮುಸುಕಿನೊಳಗೆ ಕೈ ತೂರಿಸಿ ಅಪ್ಪನ ಅಂಗೈಗೆ ಒದ್ದೆ ಕಾಳು ಹಾಕಿ, "ಏಳಪ್ಪ, ಬುಟ್ಟಿ ಹೊರಬೇಕು" ಅಂದೆ.