ಉಬ್ಬಿದ ಕೆನ್ನೆಯ ಆರೋಗ್ಯ

ಮುಖ ದುಂಡಗಿರುವ ಮನುಷ್ಯನನ್ನು ನಮ್ಮ ಬಸವಕಲ್ಯಾಣದಲ್ಲಿ ಯಾರೂ ರೋಗಿ ಎಂದು ಒಪ್ಪುವುದಿಲ್ಲ. ನ್ಯುಮೋನಿಯಾದಿಂದ ಎದ್ದ ನನ್ನ ಗಂಡನ ಕೆನ್ನೆಗಳು ಸ್ಟೆರಾಯ್ಡ್ ಮಾತ್ರೆಗೆ ಪೂರಿಯಂತೆ ಉಬ್ಬಿವೆ. ರೋಗ ಬಿಟ್ಟಿದೆ, ಔಷಧಿ ಇನ್ನೂ ಬಿಟ್ಟಿಲ್ಲ. ಉಸಿರಿನ ಪಂಪು ಎಳೆದುಕೊಂಡರೆ ಕೈ ನಡುಗಿ, ಚಹಾದ ಕಪ್ಪು ಬಸಿಯ ಮೇಲೆ ಕಟಕಟ ಎನ್ನುತ್ತದೆ.

ಅವತ್ತು ಹುಮನಾಬಾದಿನಿಂದ ಅತ್ತೆಯ ತಮ್ಮ, ಇವರ ಸೋದರಮಾವ, ನೋಡಲು ಬಂದರು. ಬಾಗಿಲಲ್ಲೇ ನಿಂತು, "ಏನೋ ಅಳಿಯಾ, ಜಡ್ಡಿನ್ಯಾಗ ಬಿದ್ದಾನಂತ ಓಡಿ ಬಂದ್ರ ನಿನ್ನ ಮಾರಿ ಹುಣ್ಣಿಮಿ ಚಂದ್ರಾಮ ಆಗ್ಯಾದಲ್ಲೋ! ಆ ಗುಳಗಿ ನನಗೂ ಎರಡು ಕೊಡು" ಎಂದರು. ಎಲ್ಲರೂ ನಕ್ಕೆವು, ಅತ್ತೆಯೊಬ್ಬರನ್ನು ಬಿಟ್ಟು. ತಮ್ಮನದೇ ಆದರೂ ಕಣ್ಣು ಕಣ್ಣೇ ಅಲ್ಲವೇ? ಮಾವ ಕೈಕಾಲು ತೊಳೆಯಲು ಹೋದದ್ದೇ ತಡ, ಉಪ್ಪು, ಒಣಮೆಣಸಿನಕಾಯಿ ಮಗನಿಗೆ ನಿವಾಳಿಸಿ ಕೆಂಡಕ್ಕೆ ಹಾಕಿದರು.

ದೃಷ್ಟಿಯಾಗಿದ್ದರೆ ಘಾಟು ಬರುವುದಿಲ್ಲವಂತೆ. ಅಂದು ಚೆನ್ನಾಗಿಯೇ ಬಂತು. ದೃಷ್ಟಿಯಾಗಿಲ್ಲವೆಂದು ಸಂತೋಷಪಡಲು ಇವರಲ್ಲಿ ಉಸಿರಿರಲಿಲ್ಲ. ತುಟಿ ನೀಲಿಗಟ್ಟಿತು. ಪಂಪು ಎಳೆಯಲೂ ಉಸಿರು ಬೇಕು. ಕಾಲೇಜು ಓದಿದ ನಾನು ಗಾಳಿಯಾಗಲೆಂದು ಸೆರಗು ಬೀಸಿದೆ. ಹೊಗೆಯೆಲ್ಲ ಅವರ ಕಡೆಗೇ ಹೋಯಿತು.

ಮಾವನ ಕಾರಿನಲ್ಲೇ, ಮೊದಲಿನಿಂದ ಇವರನ್ನು ನೋಡುತ್ತಿದ್ದ ಹುಮನಾಬಾದಿನ ಡಾಕ್ಟರ ಬಳಿಗೆ ಓಡಿದೆವು. ದಾರಿಯುದ್ದಕ್ಕೂ ಮಾವ, "ಮಾತಾಡೋ ಅಳಿಯಾ, ನನಗ ಬೈಯರ ಬೈ" ಎನ್ನುತ್ತಿದ್ದರು. ಅತ್ತೆ ಮಗನ ಪಾದ ತಿಕ್ಕುತ್ತಿದ್ದರು. ಅಲ್ಲಿ ಆಕ್ಸಿಜನ್ ಮಾಸ್ಕ್ ಹಾಕಿದ ಮೇಲೆ ಉಸಿರು ನಿಧಾನವಾಗಿ ದಾರಿಗೆ ಬಂತು. ಡಾಕ್ಟರು ಮಾತ್ರೆ ಇನ್ನಷ್ಟು ಹೆಚ್ಚಿಸಿದರು, ಕೆನ್ನೆಯೂ ಹೆಚ್ಚಿತು.

ಈಗ ಅತ್ತೆ ಕೆಂಡ ಮುಟ್ಟುವುದಿಲ್ಲ. ಬಂದವರಿಗೆ ಹೊಸ್ತಿಲಲ್ಲೇ ತಾಕೀತು: "ಮಾರಿ ಚಲೋ ಆಗ್ಯಾದ ಅನಬ್ಯಾಡ್ರಿ, ಸೊರಗ್ಯಾನ ಅನ್ರಿ." ಅವರು ಆ ಪೂರಿಗೆನ್ನೆಗಳನ್ನೇ ನೋಡುತ್ತ, "ಭಾಳ ಸೊರಗೀರಿ ಬಿಡ್ರಿ" ಎನ್ನುತ್ತಾರೆ.

ನಾನು ಒಂದು ಮಾತ್ರೆಯನ್ನೂ ನುಂಗಿದವಳಲ್ಲ. ಆದರೂ ಒಗ್ಗರಣೆಗೆ ಮೆಣಸಿನಕಾಯಿ ಮುರಿದರೆ ಸಾಕು, ಆ ನೀಲಿ ತುಟಿ ಕಣ್ಣೆದುರು ಬರುತ್ತದೆ. ನನ್ನ ಈ ಹೆದರಿಕೆಗೆ ಯಾವ ಡಾಕ್ಟರೂ ಗಡುವು ಹೇಳಿಲ್ಲ. ಅಡುಗೆಮನೆಯಲ್ಲಿದ್ದರೂ ಕಿವಿ ಪಡಸಾಲೆಯಲ್ಲೇ, ಕಪ್ಪಿನ ಕಟಕಟದ ಮೇಲೆ.

ಮೊನ್ನೆ ಆ ಸದ್ದು ಥಟ್ಟನೆ ನಿಂತಿತು. ಸೌಟು ಹಿಡಿದೇ ಓಡಿದೆ. ಅವರು ಖಾಲಿ ಕಪ್ಪು ಕೆಳಗಿಟ್ಟು ಕುಳಿತಿದ್ದರು.

"ಯಾಕ, ಏನಾತು?"

"ಏನಿಲ್ರಿ," ಎಂದೆ. "ಇನ್ನೊಂದು ಕಪ್ ಕುಡೀತೀರೇನು?"